ತೂಕ ಆಮೇಲೆ, ಮೊದಲು ಹೆಜ್ಜೆ ನೋಡಿ

ಆಗಸ್ಟ್ ಬಂತೆಂದರೆ ಅದೇ ಪ್ರಶ್ನೆ. "ಸಾರ್, ಮಗ ಇನ್ನೂ ಎಷ್ಟು ಪೌಂಡ್ ಏರಬೇಕು?"

ಪಿಟ್ಸ್‌ಬರ್ಗ್ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಅಮೆರಿಕನ್ ಫುಟ್‌ಬಾಲಿನ ಅಫೆನ್ಸಿವ್ ಲೈನ್ ಹುಡುಗರಿಗೆ ಹೇಳಿಕೊಡುತ್ತೇನೆ. ಚೆಂಡು ನಮ್ಮ ಕಡೆ ಇದ್ದಾಗ ಮುಂದೆ ಸಾಲಾಗಿ ನಿಂತು ಎದುರಾಳಿಗಳನ್ನು ತಡೆಯುವ ಐದು ಜನ ಇವರು. ತೂಕ ಬೇಡ ಅಂತ ಹೇಳುತ್ತಿಲ್ಲ, ಕಾಲೇಜಿನ ಮಟ್ಟದಲ್ಲಿ ಬೇಕೇ ಬೇಕು. ಆದರೆ ಹದಿನಾರರ ಹುಡುಗನಿಗೆ ಸುಮ್ನೆ ತುರುಕಬೇಡಿ, ಡಾಕ್ಟರನ್ನು ಕೇಳಿ.

ನಾನು ನೋಡುವುದು ಮೊದಲ ಹೆಜ್ಜೆ. ಆರು ಇಂಚು, ಒಂದು ಗೇಣಿಗಿಂತ ಕಮ್ಮಿ. ಚೆಂಡು ಅಲುಗಿದ ತಕ್ಷಣ ಆ ಕಾಲು ಊರಿರಬೇಕು, ಮಂಡಿ ಬಾಗಿರಬೇಕು, ಕೈ ಎದುರಾಳಿಯ ಎದೆಯ ಒಳಗಡೆ ಸಿಗಬೇಕು, ಅಷ್ಟರಲ್ಲಿ ಪಕ್ಕದವನೂ ಅದೇ ಹೆಜ್ಜೆ ಇಟ್ಟಿರಬೇಕು. ಇಬ್ಬರು ಸೇರಿ ಒಬ್ಬನನ್ನು ತಳ್ಳಿ, ಆಮೇಲೆ ಇಬ್ಬರಲ್ಲೊಬ್ಬ ಬಿಟ್ಟು ಎದುರಾಳಿಯ ಮುಂದಿನ ಸಾಲಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್ ಕಡೆ ಹೋಗಬೇಕು. ಯಾರು ಬಿಡಬೇಕು, ಯಾವಾಗ? ಅಲ್ಲೇ ಎಡವಟ್ಟು. ಎತ್ತು ಏರಿಗೆ, ಕೋಣ ನೀರಿಗೆ. ಮುನ್ನೂರು ಪೌಂಡಿನ ಐದು ಜನ ಇದ್ದರೂ ಆಗ ಗೋಡೆ ಆಗುವುದಿಲ್ಲ.

ನಮ್ಮ ಊರಿನ ಕಥೆಯನ್ನೇ ನೋಡಿ. ಜೋ ಮೂರ್ ಅಂತ ಒಬ್ಬ ಕೋಚ್ ಇದ್ದರು. ಪಿಟ್, ಅಂದರೆ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ, ಆಮೇಲೆ ನೋಟರ್ ಡೇಮ್‌ನಲ್ಲಿ ಲೈನ್ ಕಟ್ಟಿದವರು. ಪಿಟ್‌ಗೆ ಲೈನ್‌ಬ್ಯಾಕರ್ ಆಗಿ ಬಂದ ರಸ್ ಗ್ರಿಮ್ ಅಲ್ಲಿ ಲೈನಿನ ನಟ್ಟನಡುವೆ ನಿಲ್ಲುವ ಸೆಂಟರ್ ಆದರು, 2010ರಲ್ಲಿ ಶ್ರೇಷ್ಠ ಆಟಗಾರರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ಮೂರ್ ಅದಕ್ಕೂ ಮೊದಲು ಹೈಸ್ಕೂಲಿನಲ್ಲಿದ್ದಾಗ ಅವರ ಕೈಕೆಳಗೆ ಆಡಿದ ಹುಡುಗ ಕರ್ಕ್ ಫೆರೆಂಟ್ಸ್. ಆತ 1981ರಲ್ಲಿ ಅಯೋವಾ ವಿಶ್ವವಿದ್ಯಾಲಯಕ್ಕೆ ಲೈನ್ ಕೋಚ್ ಆಗಿ ಹೋಗಿ, 1999ರಲ್ಲಿ ಅಲ್ಲೇ ಮುಖ್ಯ ಕೋಚ್ ಆದರು. ಲೈನಿನ ತುದಿಯಲ್ಲಿ ನಿಂತು ಚೆಂಡನ್ನೂ ಹಿಡಿಯುವ ಟೈಟ್ ಎಂಡ್ ಆಗಿ ಅಯೋವಾಗೆ ಬಂದ ರಾಬರ್ಟ್ ಗ್ಯಾಲರಿ ಅಲ್ಲಿ ಟ್ಯಾಕಲ್ (ಲೈನಿನ ಐವರಲ್ಲಿ ಅಂಚಿನವ) ಆಗಿ ಬದಲಾಗಿ, ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಆರಿಸುವ 2004ರ ಡ್ರಾಫ್ಟ್‌ನಲ್ಲಿ ಎರಡನೆಯವರಾಗಿ ಆಯ್ಕೆಯಾದರು. ಮೂರ್ ಹೆಸರಿನ ಪ್ರಶಸ್ತಿ 2015ರಲ್ಲಿ ಶುರುವಾಯಿತು. ಅದು ಒಬ್ಬ ಆಟಗಾರನಿಗಲ್ಲ, ಇಡೀ ಲೈನ್‌ಗೆ ಕೊಡುವ ಪ್ರಶಸ್ತಿ. ಮರುವರ್ಷವೇ ಅದು ಅಯೋವಾ ಪಾಲಾಯಿತು! ಗುರು ತೀರಿಕೊಂಡು ಎಷ್ಟೋ ವರ್ಷವಾದ ಮೇಲೆ ಶಿಷ್ಯನ ಹುಡುಗರಿಗೆ ಗುರುವಿನ ಹೆಸರಿನ ಟ್ರೋಫಿ. ನನಗಂತೂ ಇದನ್ನು ಹೇಳುವಾಗ ಪ್ರತಿ ಸಲ ಖುಷಿಯಾಗುತ್ತದೆ.

ಹೋದ ವರ್ಷ ಮಂಡ್ಯ ಕಡೆಯ ಅಪ್ಪ ಒಬ್ಬರು ಸಿಟ್ಟಾಗಿ ಬಂದರು. ಅವರ ಮಗನಿಗಿಂತ ಮೂವತ್ತು ಪೌಂಡ್ ಕಮ್ಮಿ ಇರುವ ಹುಡುಗನನ್ನು ನಾನು ಲೈನಿನಲ್ಲಿ ಸೆಂಟರ್ ಪಕ್ಕದ ಗಾರ್ಡ್ ಜಾಗಕ್ಕೆ ಹಾಕಿದ್ದೆ. ವಾದ ಮಾಡಲಿಲ್ಲ, ವಿಡಿಯೋ ಹಾಕಿದೆ. ಮುಂದೆ ಹೋಗುವ ಮೊದಲು ಇವರ ಮಗ ಪ್ರತಿ ಸಲ ಕಾಲನ್ನು ಸ್ವಲ್ಪ ಹಿಂದಕ್ಕೆ ಇಡುತ್ತಿದ್ದ. ಅವರು ಕಾಲೇಜಿನಲ್ಲಿ ಕಬಡ್ಡಿ ಆಡಿದವರು. ಎರಡನೇ ಸಲಕ್ಕೇ ಹಿಡಿದರು.

"ಅಯ್ಯೋ, ಹಿಂದಕ್ಕೆ ಯಾಕಪ್ಪ ಇಡ್ತಾನೆ ಇವ್ನು? ಪಕ್ಕದೋನ ಕೈ ಬಿಟ್ಟೋಗಲ್ವಾ?"

ಅಷ್ಟೇ ಸಾರ್ ನಾನು ಹೇಳ್ತಿರೋದು, ಅಂದೆ. ಅವರು ತುಂಬಾ ಹೊತ್ತು ತಲೆಯಾಡಿಸಿದರು. ಹೋಗುವಾಗ ಬಾಗಿಲ ಹತ್ತಿರ ನಿಂತು ಮೆಲ್ಲಗೆ ಕೇಳಿದರು: "ಆದ್ರೂ ಸಾರ್, ಯಾವ ಪ್ರೋಟೀನ್ ಪೌಡರ್ ಒಳ್ಳೇದು?"