ಓದುಗರ ಪ್ರಶ್ನೆ: ಚರ್ಚಿಗೆ ಸೇರಿದ ಪ್ರೌಢಶಾಲೆಯನ್ನು ಕೌನ್ಸಿಲ್ ಮುಚ್ಚಬಹುದೇ?

ಪ್ರಶ್ನೆ: ನಾವು ಲಂಡನ್ನಿನಲ್ಲಿ ನೆಲೆಸಿದ್ದೇವೆ. ಮಗಳು ಓದುತ್ತಿರುವ ಚರ್ಚ್ ಆಫ್ ಇಂಗ್ಲೆಂಡ್ ಪ್ರೌಢಶಾಲೆಯ ಭವಿಷ್ಯದ ಬಗ್ಗೆ ಕೌನ್ಸಿಲ್ (ಸ್ಥಳೀಯ ಆಡಳಿತ ಸಂಸ್ಥೆ) ಅಭಿಪ್ರಾಯ ಕೇಳಿದೆ. ಕಟ್ಟಡ ಚರ್ಚಿನದು, ಹಣ ಸರ್ಕಾರದ್ದು. ಹೀಗಿರುವಾಗ ಶಾಲೆ ಮುಚ್ಚುವ ಅಧಿಕಾರ ಯಾರದು?

ಉತ್ತರ: ಮೊದಲು ಶಾಲೆ ಯಾವ ಬಗೆಯದೆಂದು ತಿಳಿದುಕೊಳ್ಳಿ. ಅದು ಅಕಾಡೆಮಿಯಾಗಿದ್ದರೆ, ಅಂದರೆ ಸರ್ಕಾರದ ಹಣದಲ್ಲಿ ಟ್ರಸ್ಟ್ ನಡೆಸುವ ಶಾಲೆಯಾಗಿದ್ದರೆ, ಮುಚ್ಚುವ ಅಧಿಕಾರ ಕೌನ್ಸಿಲ್‌ಗೆ ಇಲ್ಲ. ಅದು ಅಕಾಡೆಮಿ ಟ್ರಸ್ಟ್ ಮತ್ತು ಶಿಕ್ಷಣ ಸಚಿವರ ನಡುವಿನ ವಿಷಯ. ವಾಲಂಟರಿ ಏಡೆಡ್ ಶಾಲೆಯಾಗಿದ್ದರೆ, ಅಂದರೆ ನಮ್ಮ ಅನುದಾನಿತ ಶಾಲೆಗಳನ್ನು ಸ್ವಲ್ಪಮಟ್ಟಿಗೆ ಹೋಲುವ, 1944ರ ಶಿಕ್ಷಣ ಕಾಯ್ದೆಯಿಂದ ರೂಪುಗೊಂಡ ವ್ಯವಸ್ಥೆಗೆ ಸೇರಿದ್ದರೆ, ಕೌನ್ಸಿಲ್ ಮುಚ್ಚುವ ಪ್ರಸ್ತಾವವನ್ನು ಹೊರಡಿಸಬಹುದು, ಶಾಲೆಯ ಆಡಳಿತ ಮಂಡಳಿಯೂ ಹೊರಡಿಸಬಹುದು.

ಇಂಥ ಶಾಲೆಯ ದಿನನಿತ್ಯದ ಖರ್ಚು ಸರ್ಕಾರದ್ದು. ಕಟ್ಟಡದ ದೊಡ್ಡ ಕೆಲಸಗಳಲ್ಲಿ ಸಾಮಾನ್ಯವಾಗಿ ಶೇ. 10ರಷ್ಟನ್ನು ಆಡಳಿತ ಮಂಡಳಿ ಭರಿಸಬೇಕು. ಜಾಗ ಮತ್ತು ಕಟ್ಟಡ ಹೆಚ್ಚಾಗಿ ಚರ್ಚಿನ ಧರ್ಮದರ್ಶಿಗಳ ಹೆಸರಿನಲ್ಲಿರುತ್ತವೆ, ಪಕ್ಕದ ಆಟದ ಮೈದಾನ ಮಾತ್ರ ಬಹುಮಟ್ಟಿಗೆ ಕೌನ್ಸಿಲ್‌ಗೆ ಸೇರಿರುತ್ತದೆ. ತನ್ನ ವ್ಯಾಪ್ತಿಯ ಮಕ್ಕಳಿಗೆಲ್ಲ ಸಾಕಾಗುವಷ್ಟು ಸೀಟು ಒದಗಿಸುವ ಹೊಣೆಯನ್ನು 1996ರ ಶಿಕ್ಷಣ ಕಾಯ್ದೆ ಕೌನ್ಸಿಲ್ ಮೇಲೆ ಹೊರಿಸಿದೆ; ಆದರೆ ಆ ಸೀಟುಗಳಿರುವ ಕಟ್ಟಡದ ಒಡೆತನ ಅದರದ್ದಲ್ಲ. ಆದ್ದರಿಂದ ಧರ್ಮಪ್ರಾಂತ್ಯದೊಡನೆ, ಅಂದರೆ ಬಿಷಪ್ ಅಧೀನದ ಚರ್ಚ್ ಆಡಳಿತದೊಡನೆ ಕೂತು ಮಾತನಾಡದೆ ಯಾವ ಕೌನ್ಸಿಲ್ಲೂ ಇಂಥ ಶಾಲೆಯ ಯೋಜನೆಯನ್ನು ಹೆಚ್ಚು ದೂರ ಕೊಂಡೊಯ್ಯಲಾರದು.

ಈ ಪ್ರಶ್ನೆ ಇಷ್ಟು ಜನರಿಂದ ಬರಲು ಕಾರಣ ಮಕ್ಕಳ ಸಂಖ್ಯೆ. ಲಂಡನ್ನಿನಲ್ಲಿ ಜನನ ಪ್ರಮಾಣ ಇಳಿದಿದೆ, ಬಾಡಿಗೆ ತಾಳಲಾರದೆ ಕುಟುಂಬಗಳು ಊರ ಹೊರಗೆ ಹೋಗುತ್ತಿವೆ. ಅನುದಾನ ಬರುವುದು ಮುಖ್ಯವಾಗಿ ಅಕ್ಟೋಬರ್ ತಿಂಗಳ ಗಣತಿಯಲ್ಲಿ ಕಂಡ ಮಕ್ಕಳ ಲೆಕ್ಕದಲ್ಲಿ. ಮೂವತ್ತು ಮಕ್ಕಳು ಕೂರಬೇಕಾದ ತರಗತಿಯಲ್ಲಿ ಹದಿನೆಂಟು ಮಂದಿ ಕೂತಿದ್ದರೂ ಗಣಿತದ ಮೇಷ್ಟರ ಸಂಬಳ ಕಡಿಮೆಯಾಗುವುದಿಲ್ಲ. ಆ ಕೊರತೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. ಓವಲ್ ಕ್ರಿಕೆಟ್ ಮೈದಾನದ ಎದುರಿಗಿದ್ದ, 1685ರಲ್ಲಿ ಸ್ಥಾಪನೆಯಾದ ಆರ್ಚ್‌ಬಿಷಪ್ ಟೆನಿಸನ್ಸ್ ಶಾಲೆ 2023ರಲ್ಲಿ ಮುಚ್ಚಿದ್ದು ಮಕ್ಕಳಿಲ್ಲದೆಯೇ. ಮುನ್ನೂರು ವರ್ಷಗಳಿಗೂ ಮೀರಿದ ಶಾಲೆಯೊಂದು ಹೀಗೆ ಹೋದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಹಾಗೆಂದು ಯೋಜನೆ ಎಂದರೆ ಮುಚ್ಚುವುದೇ ಎಂದು ಭಾವಿಸಬೇಡಿ. ಲಂಡನ್ನಿನ ರಿಚ್ಮಂಡ್ ಕೌನ್ಸಿಲ್ ತನ್ನ ವ್ಯಾಪ್ತಿಯಲ್ಲಿ ಹೊಸ ಕ್ಯಾಥೊಲಿಕ್ ಪ್ರೌಢಶಾಲೆಗೆ ಒಪ್ಪಿಗೆ ನೀಡಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಹೈಕೋರ್ಟ್ 2012ರಲ್ಲಿ ತಳ್ಳಿಹಾಕಿದ ಬಳಿಕ, 2013ರಲ್ಲಿ ಟ್ವಿಕನ್‌ಹ್ಯಾಮ್‌ನಲ್ಲಿ ಸೇಂಟ್ ರಿಚರ್ಡ್ ರೆನಾಲ್ಡ್ಸ್ ಶಾಲೆ ಆರಂಭವಾಯಿತು.

ಮುಚ್ಚುವ ಪ್ರಕ್ರಿಯೆ ಹಂತಹಂತವಾಗಿ ಸಾಗುತ್ತದೆ. ಮೊದಲು ಸಮಾಲೋಚನೆ, ಅನಂತರ ಶಾಸನಬದ್ಧ ಪ್ರಕಟಣೆ, ಆಕ್ಷೇಪಣೆಗೆ ನಾಲ್ಕು ವಾರ, ಬಳಿಕ ಎರಡು ತಿಂಗಳೊಳಗೆ ಕೌನ್ಸಿಲ್‌ನ ತೀರ್ಮಾನ. ಆ ತೀರ್ಮಾನ ಒಪ್ಪಿಗೆಯಾಗದಿದ್ದರೆ ಧರ್ಮಪ್ರಾಂತ್ಯ ನಾಲ್ಕು ವಾರದೊಳಗೆ ಸ್ಕೂಲ್ಸ್ ಅಡ್ಜುಡಿಕೇಟರ್ ಎಂಬ ಸ್ವತಂತ್ರ ಅಧಿಕಾರಿಯ ಬಳಿ ಹೋಗಬಹುದು, ಆದರೆ ಪೋಷಕರಿಗೆ ಆ ದಾರಿ ಇಲ್ಲ. ಅದಕ್ಕೇ ಹೇಳುತ್ತೇನೆ, ನಿಮ್ಮ ಮಾತಿಗೆ ಹೆಚ್ಚು ತೂಕವಿರುವುದು ಮೊದಲ ಸಮಾಲೋಚನೆಯಲ್ಲಿ. ಪ್ರಕಟಣೆ ಹೊರಬೀಳುವವರೆಗೆ ಕಾಯಬೇಡಿ.

ಪತ್ರ ಬರೆಯುವಾಗ ಬೇಸರವನ್ನಷ್ಟೇ ತೋಡಿಕೊಳ್ಳದೆ ನೇರವಾಗಿ ಕೇಳಿ: ಮುಂದಿನ ಐದು ವರ್ಷ ಏಳನೆಯ ತರಗತಿಗೆ (ಅಲ್ಲಿ ಪ್ರೌಢಶಾಲೆಯ ಮೊದಲ ವರ್ಷ) ಎಷ್ಟು ಮಕ್ಕಳು ಬರುವ ಅಂದಾಜಿದೆ? ಪ್ರತಿ ವರ್ಷದ ಪ್ರವೇಶವನ್ನು ಒಂದೆರಡು ವಿಭಾಗಗಳಷ್ಟು (ಸೆಕ್ಷನ್) ಇಳಿಸಿ ಶಾಲೆಯನ್ನು ಉಳಿಸುವುದನ್ನು ಪರಿಶೀಲಿಸಿದ್ದೀರಾ? ಹತ್ತಿರದ ಇನ್ನೊಂದು ಚರ್ಚ್ ಶಾಲೆಯೊಡನೆ ವಿಲೀನ ಸಾಧ್ಯವೇ? ಮಗಳು ಹತ್ತನೆಯ ತರಗತಿಯಲ್ಲಿದ್ದರೆ ಇನ್ನೂ ಒಂದು ಮಾತನ್ನು ಸೇರಿಸಿ: ಶಾಲೆ ಮುಚ್ಚಿದರೆ ಅವಳು ಸೇರುವ ಹೊಸ ಶಾಲೆ ಜಿಸಿಎಸ್‌ಇಗೆ (ಹದಿನಾರರ ವಯಸ್ಸಿನ ಸುಮಾರಿಗೆ ಬರೆಯುವ ಪರೀಕ್ಷೆ) ಯಾವ ಪರೀಕ್ಷಾ ಮಂಡಳಿಯನ್ನು ಅನುಸರಿಸುತ್ತದೆ ಎಂಬುದನ್ನು ಲಿಖಿತವಾಗಿ ಕೇಳಿ, ಏಕೆಂದರೆ ಮಂಡಳಿ ಬದಲಾದರೆ ಇಂಗ್ಲಿಷ್ ಸಾಹಿತ್ಯದ ಪಠ್ಯಗಳೂ ಬದಲಾಗಬಹುದು, ಆ ಮಗು ಅರ್ಧ ಓದಿದ್ದನ್ನು ಬಿಟ್ಟು ಮೊದಲಿನಿಂದ ಆರಂಭಿಸಬೇಕಾಗುತ್ತದೆ.