ಸ್ಫುಮಾಟೊ: ಮೊನಾಲಿಸಾ ನಗುವಿನ ಗುಟ್ಟು

ಮೊನಾಲಿಸಾ ನಗುತ್ತಿದ್ದಾಳಾ, ಇಲ್ವಾ? ಈ ಪ್ರಶ್ನೆ ಹುಟ್ಟಿದ್ದೇ ಸ್ಫುಮಾಟೊದಿಂದ. ಇಟಾಲಿಯನ್ ಭಾಷೆಯಲ್ಲಿ ಫುಮೊ ಅಂದರೆ ಹೊಗೆ. ಬೆಳಕು ಎಲ್ಲಿ ಮುಗಿಯಿತು, ನೆರಳು ಎಲ್ಲಿ ಶುರುವಾಯಿತು ಅಂತ ಗೊತ್ತೇ ಆಗದ ಹಾಗೆ, ಗೆರೆಯೇ ಇಲ್ಲದೆ ಬಣ್ಣವನ್ನು ಬಣ್ಣದೊಳಗೆ ಕರಗಿಸುವ ಕೆಲಸಕ್ಕೆ ಚಿತ್ರಕಾರರು ಇಟ್ಟ ಹೆಸರು ಸ್ಫುಮಾಟೊ.

ಫೋನಿನಲ್ಲಿ ಆ ಚಿತ್ರ ತೆರೆದು ಬಾಯಿಯ ತುದಿಯನ್ನು ದೊಡ್ಡದು ಮಾಡಿ ನೋಡಿ. ತುಟಿ ಎಲ್ಲಿ ಮುಗಿಯುತ್ತದೆ ಅಂತ ಬೆರಳಿಟ್ಟು ತೋರಿಸೋಕೆ ಆಗಲ್ಲ. ಕಣ್ಣಿನ ತುದಿಯೂ ಹಾಗೇ. ಒಬ್ಬರ ಮುಖದಲ್ಲಿ ಖುಷಿಯೋ ಬೇಸರವೋ ಅಂತ ನಾವು ಮುಖ್ಯವಾಗಿ ಓದೋದು ಇದೇ ಜಾಗಗಳಲ್ಲಿ ಅಲ್ವಾ? ಲಿಯೊನಾರ್ಡೊ ದ ವಿಂಚಿ ಸರಿಯಾಗಿ ಅಲ್ಲಿಯೇ ನೆರಳು ಹರಡಿಬಿಟ್ಟಿದ್ದಾನೆ.

ಹಾರ್ವರ್ಡ್‌ನ ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ 2000ರಲ್ಲಿ ಇದಕ್ಕೆ ಒಂದು ಚೆಂದದ ವಿವರಣೆ ಕೊಟ್ಟರು. ನಾವು ಅವಳ ಕಣ್ಣು ನೋಡುವಾಗ ಬಾಯಿ ನಮ್ಮ ನೋಟದ ಬದಿಗೆ ಬೀಳುತ್ತದೆ. ಬದಿಯ ನೋಟಕ್ಕೆ ಸಣ್ಣ ವಿವರ ಸಿಗಲ್ಲ, ಮಸುಕಾದ ದೊಡ್ಡ ನೆರಳು ಮಾತ್ರ ಚೆನ್ನಾಗಿ ಸಿಗುತ್ತದೆ, ಹಾಗಾಗಿ ಕೆನ್ನೆಯ ನೆರಳು ಸೇರಿಕೊಂಡು ನಗು ಅಗಲವಾಗುತ್ತದೆ. ನೇರವಾಗಿ ಬಾಯಿಯನ್ನೇ ನೋಡಿ, ನಗು ಕಡಿಮೆಯಾಗುತ್ತದೆ.

ಇದನ್ನು ಮಾಡಿದ್ದು ಹೇಗೆ? ಪಾಪ್ಲರ್ ಮರದ ಹಲಗೆ, ಎತ್ತರ 77 ಸೆಂಟಿಮೀಟರ್, ಅಗಲ 53. ಅದರ ಮೇಲೆ ಎಣ್ಣೆಯಲ್ಲಿ ಕಲಸಿದ, ಆಚೆ ಕಾಣುವಷ್ಟು ತೆಳುವಾದ ಬಣ್ಣ, ಪದರದ ಮೇಲೆ ಪದರ. 2010ರಲ್ಲಿ ಫ್ರಾನ್ಸಿನ ಸಂಶೋಧಕರು ಲಿಯೊನಾರ್ಡೊನ ಏಳು ಚಿತ್ರಗಳನ್ನು ಎಕ್ಸ್‌ರೇ ವಿಧಾನದಿಂದ ಪರೀಕ್ಷಿಸಿದರು. ಕೆಲವು ಪದರ ಬರೀ ಒಂದೆರಡು ಮೈಕ್ರೊಮೀಟರ್ ದಪ್ಪ. ಎಲ್ಲಾ ಸೇರಿದರೂ 30ರಿಂದ 40 ಮೈಕ್ರೊಮೀಟರ್, ಅಂದರೆ ಒಂದು ತಲೆಗೂದಲಿನಷ್ಟೂ ಇಲ್ಲ! ಎಣ್ಣೆ ಬಣ್ಣ ಒಣಗೋಕೆ ದಿನಗಟ್ಟಲೆ ಬೇಕು, ಆಮೇಲೇ ಮುಂದಿನ ಪದರ. 1503ರ ಹೊತ್ತಿಗೆ ಫ್ಲಾರೆನ್ಸ್‌ನಲ್ಲಿ ಶುರುಮಾಡಿದ ಚಿತ್ರವನ್ನು ಅವನು ಮಾಡಿಸಿದವರಿಗೆ ಕೊಡಲೇ ಇಲ್ಲ. ಜೊತೆಯಲ್ಲೇ ಫ್ರಾನ್ಸಿಗೆ ಒಯ್ದ, 1519ರಲ್ಲಿ ಅಲ್ಲೇ ತೀರಿಕೊಂಡ.

ಅವಳು ಯಾರು ಅನ್ನೋ ರಹಸ್ಯಕ್ಕೆ ನಾನು ಜಾಸ್ತಿ ಬೆಲೆ ಕೊಡಲ್ಲ. ಫ್ಲಾರೆನ್ಸ್‌ನ ರೇಷ್ಮೆ ವ್ಯಾಪಾರಿ ಫ್ರಾಂಚೆಸ್ಕೊ ದೆಲ್ ಜೊಕೊಂಡೊನ ಹೆಂಡತಿ ಲೀಸಾ ಗೆರಾರ್ದಿನಿ. ಲಿಯೊನಾರ್ಡೊ ಅವಳ ಚಿತ್ರ ಬರೆಯುತ್ತಿದ್ದಾನೆ ಅಂತ ಅಗೊಸ್ಟಿನೊ ವೆಸ್ಪುಚಿ ಎಂಬ ಅಧಿಕಾರಿ 1503ರ ಅಕ್ಟೋಬರ್‌ನಲ್ಲಿ ತನ್ನ ಪುಸ್ತಕದ ಅಂಚಿನಲ್ಲಿ ಬರೆದಿಟ್ಟಿದ್ದ, ಅದು 2005ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸಿಕ್ಕಿತು. 1911ರಲ್ಲಿ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಿಂದ ಕಳುವಾಗಿ ಎರಡು ವರ್ಷ ಕಾಣೆಯಾಗಿದ್ದ ಕಥೆ ಅವಳಿಗೆ ಲೋಕವೆಲ್ಲಾ ಹೆಸರು ತಂದಿತು ನಿಜ, ಆದರೆ ಕಳ್ಳತನದಿಂದ ನಗು ಬರಲಿಲ್ಲವಲ್ಲ.

ಸ್ಫುಮಾಟೊ ಏನು ಮಾಡುತ್ತದೆ ಅಂತ ತಿಳಿಯೋಕೆ ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿರುವ ಇನ್ನೊಂದು ಮೊನಾಲಿಸಾ ನೋಡಲೇಬೇಕು. ಲಿಯೊನಾರ್ಡೊನ ಶಿಷ್ಯನೊಬ್ಬ ಗುರುವಿನ ಪಕ್ಕದಲ್ಲೇ ಕೂತು ಬರೆದ ನಕಲು ಅದು ಅಂತ ತಜ್ಞರು ಹೇಳುತ್ತಾರೆ, ಯಾಕಂದರೆ ಗುರು ಬಣ್ಣದ ಕೆಳಗಿನ ರೇಖೆಗಳಲ್ಲಿ ಮಾಡಿದ ತಿದ್ದುಪಡಿಗಳು ಅದರಲ್ಲೂ ಇವೆ. 2012ರಲ್ಲಿ ಕಪ್ಪು ಹಿನ್ನೆಲೆ ತೆಗೆದಾಗ ಬೆಟ್ಟ, ದಾರಿ ಎಲ್ಲಾ ಕಂಡವು. ಮೂಲ ಚಿತ್ರದಲ್ಲಿ ಕಾಣದ ಹುಬ್ಬೂ ಇದೆ. ಅದೇ ಹೆಂಗಸು, ಅದೇ ಭಂಗಿ. ಆದರೆ ತುಟಿಯ ಅಂಚು ಸ್ಪಷ್ಟ, ಕಣ್ಣಿನ ಗೆರೆ ಸ್ಪಷ್ಟ. ಮುದ್ದಾದ ಮುಖ, ಆದರೆ ನಗುತ್ತಿದ್ದಾಳಾ ಅಂತ ಯಾರೂ ಕೇಳಲ್ಲ.

ಇಷ್ಟು ತೆಳುವಾದ ಪದರಗಳೇ ಈಗ ಮ್ಯೂಸಿಯಂನವರಿಗೆ ತಲೆನೋವು. ಮೊನಾಲಿಸಾ ಮೇಲಿನ ವಾರ್ನಿಶ್ ಹಳದಿಗಟ್ಟಿದೆ, ಆಕಾಶದ ನೀಲಿ ಹಸಿರಾಗಿ ಕಾಣುತ್ತದೆ. ಲಿಯೊನಾರ್ಡೊನ ಸೇಂಟ್ ಆನ್ ಚಿತ್ರವನ್ನು ಲೂವ್ರ್ ಸ್ವಚ್ಛ ಮಾಡಿಸುವಾಗ, ವಾರ್ನಿಶ್ ತೀರಾ ಜಾಸ್ತಿ ತೆಗೆದರೆ ನೆರಳೂ ಹೋಗಬಹುದು ಅಂತ ಜಗಳವಾಗಿ, 2011ರಲ್ಲಿ ಇಬ್ಬರು ತಜ್ಞರು ಸಲಹಾ ಸಮಿತಿಯನ್ನೇ ಬಿಟ್ಟರು. ಮೊನಾಲಿಸಾ ಮುಖದ ಹಳದಿ ವಾರ್ನಿಶ್‌ಗೆ ಕೈ ಹಾಕುವ ಧೈರ್ಯ ಈಗಿನ ಕಾಲದಲ್ಲಿ ಯಾರೂ ಮಾಡಿಲ್ಲ.