ಕುರ್ಚಿಯಿಂದ ಏಳುವ ಮುನ್ನ

ಕೂತಲ್ಲೇ ಒಂದು ಕೈಯನ್ನು ಕತ್ತಿನ ಹಿಂದೆ ಇಟ್ಟುಕೊಳ್ಳಿ. ಈಗ ಎದ್ದು ನಿಲ್ಲಿ. ಏಳುವ ಮೊದಲೇ ಕತ್ತು ಬಿಗಿಯಾಗಿ, ತಲೆ ಚೂರು ಹಿಂದಕ್ಕೆ ಹೋದದ್ದು ಬೆರಳಿಗೆ ಗೊತ್ತಾಗಬಹುದು. ಕಾಲು ಮಾಡುವ ಕೆಲಸಕ್ಕೆ ಕತ್ತು ಯಾಕೆ ಒದ್ದಾಡಬೇಕು, ಅಲ್ವಾ?

ಹೀಗೆ ಗೊತ್ತಿಲ್ಲದೆ ಬರುವ ಬಿಗಿತವನ್ನು ಗಮನಿಸಿ ಬಿಡುವುದನ್ನು ಕಲಿಸುವ ಪದ್ಧತಿಯೇ ಅಲೆಕ್ಸಾಂಡರ್ ಟೆಕ್ನಿಕ್. ಅದನ್ನು ಕಲಿಸುವ ಟೀಚರ್ ಆಗಲು ಹೊರಟವರು ಈ ಪ್ರಶ್ನೆಯ ಹಿಂದೆ ಸಾಮಾನ್ಯವಾಗಿ 3 ವರ್ಷ, 1600 ಗಂಟೆ ಕಳೆಯುತ್ತಾರೆ. ಅಷ್ಟು ಹೊತ್ತು ಯಾಕೆ ಬೇಕು ಅನ್ನುವುದಕ್ಕೆ ಉತ್ತರ ಈ ಟೆಕ್ನಿಕ್ ಹುಟ್ಟಿದ ಕಥೆಯಲ್ಲೇ ಇದೆ.

ಎಫ್.ಎಂ. ಅಲೆಕ್ಸಾಂಡರ್ 1869ರಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಹುಟ್ಟಿದವರು, ನಟ. ವೇದಿಕೆ ಹತ್ತಿದರೆ ಗಂಟಲು ಕಟ್ಟುತ್ತಿತ್ತು. ಕನ್ನಡಿ ಮುಂದೆ ನಿಂತು ನೋಡಿಕೊಂಡರು. ಮಾತು ಶುರುವಾದ ಕೂಡಲೇ ತಲೆಯನ್ನು ಹಿಂದಕ್ಕೆಳೆದು ಗಂಟಲು ಒತ್ತಿಕೊಳ್ಳುತ್ತಿದ್ದರು. ಸರಿ, ತಲೆ ಮುಂದಿಟ್ಟರಾಯ್ತು ಅಂದುಕೊಂಡರು. ಇಟ್ಟೆ ಅಂತಲೇ ಅನಿಸಿತು. ಕನ್ನಡಿಯಲ್ಲಿ ನೋಡಿದರೆ ತಲೆ ಇನ್ನೂ ಹಿಂದೆ! ಇಡೀ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಈ ಗಳಿಗೆ.

ನಮ್ಮ ಸ್ನಾಯುಗಳ ಒಳಗೆ ಹಿಗ್ಗುವಿಕೆಯನ್ನು ಅಳೆದು ಮಿದುಳಿಗೆ ತಿಳಿಸುವ ಪುಟ್ಟ ಸಂವೇದಕಗಳಿವೆ. ತಲೆಬುರುಡೆಯ ಬುಡದ ಸಣ್ಣ ಸ್ನಾಯುಗಳಲ್ಲಂತೂ ಅವು ಕಿಕ್ಕಿರಿದಿವೆ. ಆದರೆ ವರ್ಷಗಟ್ಟಲೆ ಒಂದೇ ಬಿಗಿತ ಇದ್ದರೆ ಮಿದುಳಿಗೆ ಅದೇ ಮಾಮೂಲಿ ಆಗಿಬಿಡುತ್ತದೆ. ಓರೆ ನಿಂತು ರೂಢಿಯಾದವರನ್ನು ನೆಟ್ಟಗೆ ನಿಲ್ಲಿಸಿ ನೋಡಿ, ಈಗಲೇ ಓರೆಯಾದೆ ಅನ್ನುತ್ತಾರೆ. ಹಾಗಾಗಿ ಸುಮ್ನೆ "ನೆಟ್ಟಗೆ ಕೂತ್ಕೊಳ್ಳಿ" ಅಂದರೆ ಪ್ರಯೋಜನ ಕಮ್ಮಿ.

ಈ ಟೆಕ್ನಿಕ್ ಎಲ್ಲ ಕಾಯಿಲೆಗೂ ಮದ್ದಲ್ಲ. ಆದರೆ ಸೊಂಟನೋವಿಗೆ ಗಟ್ಟಿ ಪುರಾವೆ ಇದೆ. 2008ರಲ್ಲಿ ಬ್ರಿಟನ್ನಿನಲ್ಲಿ 579 ಜನರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ವರ್ಷದ ಬಳಿಕ, ಮಾಮೂಲಿ ಚಿಕಿತ್ಸೆಯಲ್ಲಿದ್ದವರಿಗೆ 4 ವಾರದಲ್ಲಿ 21 ದಿನ ನೋವಿತ್ತು. ಈ ಟೆಕ್ನಿಕ್‌ನ 24 ಪಾಠ ಕಲಿತವರಿಗೆ 3 ದಿನ.

ಇಲ್ಲಿ ಟೀಚರ್ ಜಾಸ್ತಿ ಕಲಿಸುವುದು ಕೈಯಿಂದ. 1931ರಲ್ಲಿ ಅಲೆಕ್ಸಾಂಡರ್ ಲಂಡನ್ನಿನಲ್ಲಿ ಮೊದಲ ಟೀಚರ್ ತರಬೇತಿ ಶುರುಮಾಡಿದಾಗಿನಿಂದಲೂ ಕಷ್ಟದ ಪಾಠ ಇದೇ. ಕೂತವರ ಕತ್ತಿನ ಮೇಲೆ ಹಗುರವಾಗಿ ಕೈ ಇಡಬೇಕು. ಸರಿಮಾಡಿಬಿಡೋಣ ಎಂಬ ಆತುರ ಬಂತೋ, ಟೀಚರ್‌ನ ಭುಜವೇ ಮೇಲೇರುತ್ತದೆ, ಉಸಿರು ನಿಲ್ಲುತ್ತದೆ. ಆ ಬಿಗಿತ ಅಂಗೈಗೆ ಇಳಿಯುತ್ತದೆ, ಕೈಕೆಳಗಿನ ಕತ್ತೂ ಸೆಟೆದುಕೊಳ್ಳುತ್ತದೆ.

ಅದಕ್ಕೇ ಕಲಿಯುವವರು ಮೊದಮೊದಲು ತಮ್ಮ ಮೈಯನ್ನೇ ಗಮನಿಸುತ್ತಾರೆ. ಯಾರೋ "ಏಳಿ" ಅನ್ನುತ್ತಾರೆ. ಇವರು ಏಳುವುದಿಲ್ಲ. ಕತ್ತು ಆಗಲೇ ಹೊರಟುಬಿಟ್ಟಿದೆಯಾ ಅಂತ ನೋಡುತ್ತಾರೆ. ಅದು ಸಡಿಲವಾಗುವವರೆಗೆ ಕಾಯುತ್ತಾರೆ. ಆಮೇಲೆ ಏಳುತ್ತಾರೆ.